ಜಿಪ್ ಗಂಟು ಮತ್ತು ಒಣಗಿದ ಅಡಿಕೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಆಷಾಢದ ಮಳೆ ಹಿಡಿಯಿತೆಂದರೆ ಕರೆಂಟೂ ಇಂಟರ್ನೆಟ್ಟೂ ಜೊತೆಯಾಗಿ ಹೋಗುತ್ತವೆ, ಬರುವಾಗ ಮಾತ್ರ ಬೇರೆ ಬೇರೆಯಾಗಿ ಬರುತ್ತವೆ. ಅಂಥ ದಿನಗಳಲ್ಲೇ ಶಾಲೆಯ ಸ್ಮರಣ ಸಂಚಿಕೆಯ ಸಾಮಗ್ರಿಯನ್ನು ಶಿವಮೊಗ್ಗದ ಮುದ್ರಣಾಲಯಕ್ಕೆ ಕಳಿಸುವ ಹೊಣೆ ನನ್ನ ಮೇಲೆ ಬಿತ್ತು. ಲೇಖನ, ಫೋಟೋಗಳಿದ್ದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಕಡತಗಳನ್ನು ಕುಗ್ಗಿಸಿ ಒಂದೇ ಗಂಟಾಗಿ ಕಟ್ಟಲು ವಿಂಡೋಸ್ ತಾನಾಗಿ ಒದಗಿಸುವ ಜಿಪ್ ಸೌಲಭ್ಯವನ್ನು ಬಳಸಿದೆ. 310 ಎಂಬಿ ಇದ್ದದ್ದು 304 ಎಂಬಿಗೆ ಇಳಿಯಿತು. ಜಿಮೇಲ್ ಒಪ್ಪುವುದು 25 ಎಂಬಿಯನ್ನು.

ಒಳಗೆ ಬಿಚ್ಚಿ ನೋಡಿದಾಗ ಕಂಡ ಲೆಕ್ಕ ಬೇರೆಯೇ ಇತ್ತು. ನೋಟ್‌ಪ್ಯಾಡಿನಲ್ಲಿ ನಾನು ಟೈಪ್ ಮಾಡಿದ್ದ ಲೇಖನಗಳು ಹೆಚ್ಚುಕಡಿಮೆ ಐದನೇ ಒಂದು ಭಾಗಕ್ಕೆ ಕುಗ್ಗಿದ್ದವು. ಇದಕ್ಕೆ ಕಾರಣ ಕನ್ನಡವನ್ನು ಗಣಕ ಬರೆದಿಟ್ಟುಕೊಳ್ಳುವ ಬಗೆಯಲ್ಲೇ ಇದೆ. ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆದಿಡುವ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 0ಯಿಂದ 255ರೊಳಗಿನ ಮೂರು ಸಂಖ್ಯೆ, ಬೇಕು. ‘ಅಡಿಕೆ’ ಎಂಬ ಪುಟ್ಟ ಪದಕ್ಕೆ ಗುಡಿಸು, ಎತ್ವಗಳೂ ಸೇರಿ 5 ಸಂಕೇತ, ಅಂದರೆ 15 ಬೈಟ್. ಆ ಐದರಲ್ಲಿ ಪ್ರತಿಯೊಂದರ ಮೊದಲ ಬೈಟೂ 224, ಎರಡನೆಯದು 178 ಇಲ್ಲವೇ 179. ಹೀಗೆ ಹೇಳಿದ್ದನ್ನೇ ಹೇಳುವ ಬರಹ ಸಿಕ್ಕರೆ ಜಿಪ್‌ಗೆ ಹಬ್ಬ. ಅದು ಬಳಸುವ ಡಿಫ್ಲೇಟ್ ವಿಧಾನವು, ಲೆಂಪೆಲ್ ಮತ್ತು ಜಿವ್ 1977ರಲ್ಲಿ ಪ್ರಕಟಿಸಿದ ಉಪಾಯದಂತೆ, ಒಮ್ಮೆ ಬಂದ ಸಾಲು ಮತ್ತೆ ಬಂದಾಗ ‘ಇಷ್ಟು ಹಿಂದೆ ಹೋಗಿ ಇಷ್ಟುದ್ದ ನಕಲು ಮಾಡಿಕೋ’ ಎಂದಷ್ಟೇ ಬರೆದಿಡುತ್ತದೆ. ಆಮೇಲೆ, ಹಫ್‌ಮನ್ 1952ರಲ್ಲಿ ತೋರಿಸಿದ ಹಾಗೆ, ಪದೇ ಪದೇ ಬರುವುದಕ್ಕೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದನೆಯ ಗುರುತು ಕೊಡುತ್ತದೆ.

ಫೋಟೋಗಳ ಕಥೆ ಹಾಗಲ್ಲ. ಜೆಪೆಗ್ ಚಿತ್ರ ಕ್ಯಾಮೆರಾದಿಂದ ಹೊರಬೀಳುವಾಗಲೇ ಹಿಂಡಿಸಿಕೊಂಡು ಬಂದಿರುತ್ತದೆ. ಒಣಗಿದ ಅಡಿಕೆಯನ್ನು ಮತ್ತೆ ಅಂಗಳದಲ್ಲಿ ಹರವಿದರೆ ತೂಕ ಇಳಿದೀತೇ? ವರ್ಡ್‌ನ ಡಾಕ್‌ಎಕ್ಸ್ ಕಡತಗಳೂ ಕುಗ್ಗಲಿಲ್ಲ, ಏಕೆಂದರೆ ಅವು ವೇಷ ಮರೆಸಿಕೊಂಡ ಜಿಪ್ ಗಂಟುಗಳೇ. ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗಿನ ಚಿತ್ರಗಳೆಲ್ಲ ಒಂದು ಫೋಲ್ಡರಿನಲ್ಲಿ ಸಿಗುತ್ತವೆ. ಲೇಖಕರು ವರ್ಡ್‌ನೊಳಗೆ ಅಂಟಿಸಿ ಕಳಿಸಿದ್ದ ಫೋಟೋಗಳನ್ನು ನಾನು ಹೊರತೆಗೆದದ್ದು ಹೀಗೆಯೇ. ಅಂಥ ಕಡತದ ಮೊದಲ ಎರಡು ಬೈಟುಗಳು ಇಂಗ್ಲಿಷಿನ ಪಿ ಮತ್ತು ಕೆ: 1989ರಲ್ಲಿ ಈ ಜಿಪ್ ರೂಪವನ್ನು ಬಳಕೆಗೆ ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು.

ವಿಂಡೋಸ್‌ನ ಜಿಪ್ ಆಯ್ಕೆಯಲ್ಲಿ ಹೊಸ ಗಂಟಿಗೆ ಪಾಸ್‌ವರ್ಡ್ ಹಾಕಲು ಬರುವುದಿಲ್ಲ. ದೊಡ್ಡ ಗಂಟನ್ನು 25 ಎಂಬಿಯ ತುಂಡುಗಳಾಗಿ ಕತ್ತರಿಸಲೂ ಬಾರದು. ಆ ಎರಡು ಕೆಲಸಕ್ಕೆ 7-ಜಿಪ್‌ನಂಥ ಬೇರೆ ತಂತ್ರಾಂಶ ಬೇಕೇ ಬೇಕು. ನನಗೆ ಹೆಚ್ಚು ಸಿಟ್ಟು ತರಿಸಿದ್ದು ಮಾತ್ರ ಇನ್ನೊಂದು ಕೊರತೆ. ವಿಂಡೋಸ್ 7 ಇದ್ದ ನನ್ನ ಹಳೆಯ ಗಣಕವು ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ಕಂಡರೆ, ಜಿಪ್‌ನಲ್ಲಿ ಬಳಸಲಾಗದ ಅಕ್ಷರಗಳಿವೆ, ಹೆಸರು ಬದಲಿಸಿ ಎಂದು ಹಟ ಹಿಡಿಯುತ್ತಿತ್ತು. ‘ಮುನ್ನುಡಿ’ಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಮೇಲೆಯೇ ಅದಕ್ಕೆ ಸಮಾಧಾನ. ಈಗಿನ ಗಣಕಗಳಲ್ಲಿ ಆ ಕಾಟವಿಲ್ಲ.

ಇನ್ನೊಂದು ಮಿತಿಯೆಂದರೆ, ಜಿಪ್ ಪ್ರತಿ ಕಡತವನ್ನೂ ಬೇರೆ ಬೇರೆಯಾಗಿ ಹಿಂಡುತ್ತದೆ. ಒಂದೇ ಬಗೆಯ ನೂರು ಸಣ್ಣ ಕಡತಗಳಿದ್ದರೂ ಒಂದರಲ್ಲಿ ಕಂಡದ್ದು ಇನ್ನೊಂದರ ಉಪಯೋಗಕ್ಕೆ ಬಾರದು. 7-ಜಿಪ್ ತನ್ನ ರೂಪದಲ್ಲಿ ಹಲವನ್ನು ಒಟ್ಟಿಗೆ ಸೇರಿಸಿ ಹಿಂಡುವುದರಿಂದ ಅಲ್ಲಿ ಗಾತ್ರ ಇನ್ನಷ್ಟು ಇಳಿಯುತ್ತದೆ.

ಕೊನೆಗೆ ಆ 304 ಎಂಬಿಯ ಗಂಟು ಪೆನ್‌ಡ್ರೈವಿನಲ್ಲಿ ಕುಳಿತು, ಬೆಳಗಿನ ಬಸ್ಸಿನ ಕಂಡಕ್ಟರರ ಕಿಸೆಯಲ್ಲಿ ಶಿವಮೊಗ್ಗಕ್ಕೆ ಹೋಯಿತು. ಮಧ್ಯಾಹ್ನ ಮುದ್ರಣಾಲಯದಿಂದ ಫೋನ್ ಬಂತು: ಒಂದು ಫೋಟೋ ತೆರೆಯುತ್ತಿಲ್ಲ, ದೋಷವಿದೆ ಎನ್ನುತ್ತಿದೆ. ಪೆನ್‌ಡ್ರೈವ್ ಹಳೆಯದು, ತಪ್ಪು ನನ್ನದೇ. ಜಿಪ್ ಪ್ರತಿ ಕಡತದ ಜೊತೆಗೂ ಅದರ ಬೈಟುಗಳಿಂದಲೇ ಲೆಕ್ಕ ಹಾಕಿದ ಒಂದು ತಾಳೆ ಸಂಖ್ಯೆಯನ್ನು ಇಟ್ಟಿರುವುದರಿಂದ ಕೆಟ್ಟದ್ದು ಯಾವುದೆಂದು ಹೆಸರು ಹಿಡಿದು ಹೇಳಿತ್ತು. ಬೇರೆ ಬೇರೆಯಾಗಿ ಹಿಂಡಿದ್ದರಿಂದ ಉಳಿದವೆಲ್ಲ ನೆಟ್ಟಗೆ ಬಿಚ್ಚಿಕೊಂಡಿದ್ದವು. ಸಂಜೆ ಮಳೆ ಹೊಳವಾದಾಗ ಅದೊಂದನ್ನು ವಾಟ್ಸ್‌ಆ್ಯಪ್‌ನಲ್ಲಿ, ಫೋಟೋ ಎಂದಲ್ಲ (ಹಾಗೆ ಕಳಿಸಿದರೆ ಅದು ಚಿತ್ರವನ್ನು ಇನ್ನೂ ಹಿಂಡಿಬಿಡುತ್ತದೆ), ಡಾಕ್ಯುಮೆಂಟ್ ಎಂದು ಕಳಿಸಿದೆ.