ದಣಿದ ಬೆಳಗ್ಗೆಗೊಂದು ಕ್ರಮ: ಮಳೆಗಾಲದ ಟಿಪ್ಪಣಿಗಳು

ಜೂನ್, ಶಾಲೆ ಶುರುವಾದ ಮೇಲೆ

ಮಣಿಪಾಲದಲ್ಲಿ ನನ್ನದು ಮಧ್ಯಾಹ್ನದ ಪಾಳಿ. ಕಟಪಾಡಿಯ ಮನೆ ಸೇರಿ ಮಲಗುವಾಗ ರಾತ್ರಿ ಹನ್ನೊಂದೂವರೆ ದಾಟುತ್ತದೆ. ಮಗಳ ಶಾಲೆಯ ವ್ಯಾನ್ ಎಂಟಕ್ಕೆ ಬರುವುದರಿಂದ ಆರೂವರೆಗೆ ಏಳಲೇಬೇಕು. ಈ ನಿದ್ದೆಯನ್ನು ಹಿಗ್ಗಿಸುವ ದಾರಿ ಸದ್ಯಕ್ಕಿಲ್ಲ. ಹಾಗಾಗಿ ಎದ್ದ ಮೇಲಿನ ಮೊದಲ ಅರ್ಧ ಗಂಟೆಯನ್ನು ಹಗುರ ಮಾಡಿಕೊಳ್ಳುವುದು ಈ ಮಳೆಗಾಲದಲ್ಲಿ ನಾನು ಹಿಡಿದ ಕೆಲಸ.

ಅರ್ಧ ಗಂಟೆ ಎಂದದ್ದಕ್ಕೆ ಕಾರಣ ಉಂಟು. ಕಣ್ಣು ಬಿಟ್ಟ ಕೂಡಲೇ ಮೆದುಳು ಪೂರ್ತಿ ಎಚ್ಚರವಾಗುವುದಿಲ್ಲ. ಆ ಮಂಪರು ಇಳಿಯಲು ಸಾಮಾನ್ಯವಾಗಿ 15ರಿಂದ 30 ನಿಮಿಷ ಬೇಕು. ನಿದ್ದೆ ಸಾಲದೆ ಇದ್ದರೆ, ಗಾಢ ನಿದ್ದೆಯ ನಡುವೆ ಅಲಾರಂ ಹೊಡೆದರೆ ಒಂದು ಗಂಟೆಯೂ ಹಿಡಿಯಬಹುದು. ಆಗ ನೆನಪು, ಲೆಕ್ಕ, ತೀರ್ಮಾನ ಎಲ್ಲವೂ ನಿಧಾನ. ಅಂಥ ಹೊತ್ತಿಗೆ ಒಂದು ತೀರ್ಮಾನವನ್ನೂ ಉಳಿಸಬಾರದು ಎಂಬುದು ನನ್ನ ನಿಯಮ. ತಿಂಡಿ ಏನು, ಮಗಳ ಬುತ್ತಿಗೆ ಏನು, ಯಾವ ಬಟ್ಟೆ, ಇವೆಲ್ಲ ಹಿಂದಿನ ದಿನ ಪಾಳಿಗೆ ಹೊರಡುವ ಮೊದಲೇ ನಿಶ್ಚಯವಾಗಿರುತ್ತದೆ.

ಶುರು ಮಾಡುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದೆ. ಎಲ್ಲ ಸರಿ ಇದ್ದವು. ಬೇಕಾದಷ್ಟು ಮಲಗಿಯೂ ವಾರಗಟ್ಟಲೆ ಸುಸ್ತು ಬಿಡದವರು ಇಂಥ ಕ್ರಮಗಳಿಗೆ ಕೈಹಾಕುವ ಮುಂಚೆ ಡಾಕ್ಟರನ್ನು ನೋಡಬೇಕು.

ಜುಲೈ, ಜಗಲಿ

ಎದ್ದು ಮುಖ ತೊಳೆದು, ರಾತ್ರಿ ಮುಚ್ಚಿಟ್ಟ ಚೆಂಬಿನ ನೀರು ಹಿಡಿದು ನೇರ ಜಗಲಿಗೆ. ಫೋನ್ ಚಾವಡಿಯಲ್ಲೇ ಇರುತ್ತದೆ. ಅಲಾರಂ ನಿಲ್ಲಿಸಲು ಅಲ್ಲಿಯವರೆಗೆ ನಡೆಯಬೇಕು, ನಡೆದ ಮೇಲೆ ಜಗಲಿ ಎರಡೇ ಹೆಜ್ಜೆ.

ಜಗಲಿ ಬೇಕಾದದ್ದು ಬೆಳಕಿಗಾಗಿ. ಹಗಲಾಯಿತು ಎಂದು ಮೆದುಳಿನ ಗಡಿಯಾರಕ್ಕೆ ತಿಳಿಸುವುದಕ್ಕೆಂದೇ ಕಣ್ಣಿನ ರೆಟಿನಾದಲ್ಲಿ ಕೆಲವು ಜೀವಕೋಶಗಳಿವೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಿಗುವುದು ಹೆಚ್ಚೆಂದರೆ ಕೆಲವು ನೂರು ಲಕ್ಸ್ (ಬೆಳಕು ಅಳೆಯುವ ಮಾನ). ಮೋಡ ಕವಿದಿದ್ದರೂ ಹಗಲಿನ ಬಯಲಿನಲ್ಲಿ ಸಾವಿರ ಲಕ್ಸ್ ಸುಲಭವಾಗಿ ದಾಟುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಉಡುಪಿ ಜಿಲ್ಲೆಯಲ್ಲಿ ಬಿಸಿಲಿಗೆ ಕಾದು ಕೂತರೆ ಸೆಪ್ಟೆಂಬರ್ ಆಗುತ್ತದೆ. ಮಾಡಿನ ಅಂಚಿಗೆ ಕುರ್ಚಿ ಎಳೆದುಕೊಂಡು ಮಳೆಯ ಬೆಳಕನ್ನೇ ನೋಡುತ್ತ ಕೂತೆ. ಅದು ಸಾಕಾಗುತ್ತದೆ.

ಮಳೆ ಹೊಳವಾದ ದಿನ ಅಂಗಳದ ಬದಿಯ ಮಲ್ಲಿಗೆ ಗಿಡಗಳಲ್ಲಿ ಮೊಗ್ಗು ಕೊಯ್ಯುತ್ತೇನೆ. ಮಲ್ಲಿಗೆಗೆ ಹೆಸರಾದ ಶಂಕರಪುರ ಹತ್ತಿರವೇ ಇರುವುದರಿಂದ ನಮ್ಮ ಕಡೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂ ಕೊಳ್ಳುವ ಕಟ್ಟೆಗೆ ಕೊಡುವುದೇ ಎಷ್ಟೋ ಮನೆಗಳ ಬೆಳಗ್ಗೆ. ನಮ್ಮದು ದೇವರಿಗೆ, ಮಗಳ ಜಡೆಗೆ ಆಗುವಷ್ಟು. ಮಳೆಗಾಲದಲ್ಲಿ ಹೂ ಕಡಿಮೆಯೇ. ಆದರೂ ಬಲಿತ ಮೊಗ್ಗು ಯಾವುದೆಂದು ಬೆರಳಿಗೇ ಗೊತ್ತಿರುವ ಕೆಲಸ ಅದು, ಯೋಚನೆ ಬೇಡ. ಆ ಹೊತ್ತಿಗೆ ಯಾರೂ ನನ್ನನ್ನು ಮಾತನಾಡಿಸುವುದಿಲ್ಲ. ಅತ್ತೆಯೇ ಮಗಳಿಗೆ ಹೇಳಿಟ್ಟಿದ್ದಾರೆ: "ಅಮ್ಮ ಜಗಲಿಯಿಂದ ಒಳಗೆ ಬರಲಿ ಮಗಾ, ಆಮೇಲೆ ಕೇಳು." ಈ ಒಂದು ಮಾತಿನಿಂದ ಸಿಕ್ಕ ಉಪಕಾರ ದೊಡ್ಡದು.

ಆಟಿ

ತುಳುವರ ಆಟಿ ತಿಂಗಳ (ಜುಲೈ–ಆಗಸ್ಟ್) ಅಮಾವಾಸ್ಯೆಯ ಬೆಳಗ್ಗೆ ಮನೆಯಲ್ಲಿ ಯಾರಿಗೂ ಗೊಂದಲವಿಲ್ಲ. ಸೂರ್ಯ ಹುಟ್ಟುವ ಮೊದಲೇ ಹಾಳೆ ಮರದ ಕೆತ್ತೆಯನ್ನು (ತೊಗಟೆ) ಕಲ್ಲಿನಿಂದ ಜಜ್ಜಿ ತರುವುದು, ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಕಷಾಯ ಮಾಡುವುದು, ಖಾಲಿ ಹೊಟ್ಟೆಗೆ ಕುಡಿದು ಮೇಲೆ ಮೆಂತೆ ಗಂಜಿ ಉಣ್ಣುವುದು. ನಾವು ಅದನ್ನು ತುಳುವಿನಲ್ಲಿ ಪಾಲೆದ ಕಷಾಯ ಎನ್ನುತ್ತೇವೆ. ಮರ ಚೆನ್ನಾಗಿ ಗುರುತಿರುವವರೇ ಕೆತ್ತೆ ತರಬೇಕು, ಬೇರೆ ಮರದ್ದಾದರೆ ಜೀವಕ್ಕೇ ಅಪಾಯ. ಕಹಿ ಕುಡಿದು ಗಂಜಿಯ ಮುಂದೆ ಕೂತಾಗ ನನಗೆ ಹೊಳೆದದ್ದು ಇಷ್ಟು: ಆ ಬೆಳಗ್ಗೆ ನಾವೆಲ್ಲ ಅಷ್ಟು ಬೇಗ ಎದ್ದೂ ಸಲೀಸಾಗಿದ್ದೆವು, ಮುಂದೇನು ಎಂದು ಯಾರೂ ಯಾರನ್ನೂ ಕೇಳಬೇಕಿರಲಿಲ್ಲ.

ಅಂದಿನಿಂದ ವಾರದ ದಿನಗಳ ತಿಂಡಿಯನ್ನೂ ಗಂಜಿಗೆ ಬದಲಿಸಿದೆ. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ಬೆಳಿಗ್ಗೆ ಅದರ ಮುಂದೆ ನಿಲ್ಲಲಾಗದು. ಮನೆಯಲ್ಲಿರುವ ಥರ್ಮಲ್ ಕುಕ್ಕರ್ ಈಗ ದಿನಾ ಕೆಲಸಕ್ಕೆ ಬರುತ್ತದೆ. ರಾತ್ರಿ ಅಕ್ಕಿಯನ್ನು ಚೆನ್ನಾಗಿ ಕುದಿಸಿ ಪಾತ್ರೆ ಸಮೇತ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಆ ಬಿಸಿಗೇ ಬೇಯುತ್ತದೆ. ಬೆಳಿಗ್ಗೆ ಮತ್ತೆ ಚೆನ್ನಾಗಿ ಕುದಿ ಬರಿಸಿ ಉಪ್ಪು, ಒಂದು ಚಮಚ ತುಪ್ಪ, ಬದಿಗೆ ಮಾವಿನ ಮಿಡಿ. ಮಗಳಿಗೆ ಹಪ್ಪಳ ಇದ್ದರೆ ಮಾತ್ರ ಸೇರುತ್ತದೆ. ರಜೆಯ ದಿನ ನೀರುದೋಸೆ.

ಸೋಣ (ಆಟಿಯ ಮುಂದಿನ ತುಳು ತಿಂಗಳು)

ಕಾಫಿ ಬಿಟ್ಟಿಲ್ಲ, ಗಂಜಿಯ ನಂತರಕ್ಕೆ ಸರಿಸಿದೆ. ಬದಲಾಯಿಸಬೇಕಾದದ್ದು ಪಾಳಿಯ ರಾತ್ರಿ ಎಂಟರ ಚಹಾ. ಕುಡಿದ ಕೆಫೀನ್‌ನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ, ಅಂದರೆ ನಾನು ಮಲಗುವ ಹೊತ್ತಿಗೆ ಅದು ಅರ್ಧವೂ ಇಳಿದಿರುವುದಿಲ್ಲ. ಈಗ ಕೊನೆಯ ಚಹಾ ಸಂಜೆ ಐದಕ್ಕೆ. ಎಂಟಕ್ಕೆ ಫ್ಲಾಸ್ಕಿನಲ್ಲಿ ಒಯ್ದ ಜೀರಿಗೆ ಕಷಾಯ, ಬೆಲ್ಲ ಹಾಲು ಹಾಕಿ. ಬೆಳಗಿನ ಮಂಪರಿನ ಮೇಲೆ ಜಗಲಿಯಷ್ಟೇ ಪರಿಣಾಮ ಇದರದ್ದೂ ಆಗಿದೆ.

ಭಾನುವಾರ ಏಳೂವರೆ ದಾಟಿ ಮಲಗುವುದಿಲ್ಲ. ಬಾಕಿ ನಿದ್ದೆಯನ್ನು ಊಟದ ನಂತರ ಇಪ್ಪತ್ತು ನಿಮಿಷ ಅಡ್ಡಬಿದ್ದು ತೀರಿಸುತ್ತೇನೆ.

ಮುಂದೆ

ಜೂನ್‌ನಲ್ಲಿ ಇಲ್ಲಿ ಆರು ಗಂಟೆ ದಾಟುವಷ್ಟರಲ್ಲೇ ಸೂರ್ಯೋದಯ. ಜನವರಿಯಲ್ಲಿ ಹೆಚ್ಚುಕಡಿಮೆ ಏಳು. ಆರೂವರೆಗೆ ಎದ್ದರೆ ಜಗಲಿಯಲ್ಲಿ ಇನ್ನೂ ಮಸುಕು. ಆ ಅರ್ಧ ಗಂಟೆಯನ್ನು ಬಚ್ಚಲ ಒಲೆಗೆ ಕೊಡುವ ಆಲೋಚನೆ: ಹಂಡೆಯ ಕೆಳಗೆ ತೆಂಗಿನ ಗೆರಟೆ, ಒಣಗಿದ ಮಡಲು ಹಾಕಿ ಅಲ್ಲೇ ಕೂರುವುದು, ಪಕ್ಕದಲ್ಲಿ ಮಂಗಳೂರು ಆಕಾಶವಾಣಿ ಸಣ್ಣಗೆ. ಏಳಾದ ಮೇಲೆ ಜಗಲಿ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಹೊರಟರೆ ಆಟ ನೋಡಿ ತಡವಾಗಿ ಮಲಗುವ ರಾತ್ರಿಗಳೂ ಇರುತ್ತವೆ. ಅದರ ಮರುದಿನವೂ ಏಳುವ ಹೊತ್ತು ಇದೇ ಇಟ್ಟುಕೊಂಡು ನೋಡಬೇಕು. ಗೆರಟೆ ಒಣಗಿಸಲು ಈಗಲೇ ಅಟ್ಟಕ್ಕೆ ಹಾಕಿದ್ದೇನೆ.