ನಕಲಾಗದ ಫೋಟಾನ್ ಮತ್ತು ಬೆಳಕನ್ನು ಮೀರುವ ಸಂದೇಶ

ಒಂದೇ ಜಂಟಿ ಸ್ಥಿತಿಯಲ್ಲಿ ಹೆಣೆದುಕೊಂಡ ಎರಡು ಬೆಳಕಿನ ಕಣಗಳಲ್ಲಿ, ಅಂದರೆ ಫೋಟಾನ್‌ಗಳಲ್ಲಿ ಒಂದನ್ನು ಇಲ್ಲಿ ಅಳೆದರೆ ದೂರದಲ್ಲಿರುವ ಇನ್ನೊಂದರ ಫಲಿತಾಂಶವೂ ಅದಕ್ಕೆ ಹೊಂದಿಕೊಂಡೇ ಬರುವುದಾದರೆ, ಬೆಳಕಿಗಿಂತ ವೇಗವಾಗಿ ಸುದ್ದಿ ಕಳಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾದದ್ದು. ಸಾಧ್ಯವಿಲ್ಲವೆಂಬುದೇ ಉತ್ತರವಾದರೂ, ಅದು ದೊರೆತ ಬಗೆ ನನಗೆ ಬಹಳ ಪ್ರಿಯ.

ಅಮೆರಿಕದ ಭೌತವಿಜ್ಞಾನಿ ನಿಕ್ ಹರ್ಬರ್ಟ್ 1982ರಲ್ಲಿ ‘ಫ್ಲಾಶ್’ ಎಂಬ ಯೋಜನೆಯನ್ನು ಪ್ರಕಟಿಸಿದರು. ಕಳಿಸುವವರು ತಮ್ಮ ಫೋಟಾನಿನ ಧ್ರುವೀಕರಣವನ್ನು, ಅಂದರೆ ಬೆಳಕಿನ ಕಂಪನದ ರೀತಿಯನ್ನು, ರೇಖೀಯ ಅಥವಾ ವೃತ್ತೀಯ ಬಗೆಯಲ್ಲಿ ಅಳೆಯಬೇಕು. ಆ ಆಯ್ಕೆಯೇ ಸಂದೇಶ. ಪಡೆಯುವವರು ತಮಗೆ ಬಂದ ಒಂದೇ ಫೋಟಾನನ್ನು ಲೇಸರ್ ವರ್ಧಕದಿಂದ ಅನೇಕ ಪ್ರತಿಗಳಾಗಿಸಿ, ಅರ್ಧವನ್ನು ಒಂದು ಬಗೆಯಲ್ಲೂ ಉಳಿದರ್ಧವನ್ನು ಇನ್ನೊಂದು ಬಗೆಯಲ್ಲೂ ಅಳೆದರೆ, ಎಲ್ಲ ಪ್ರತಿಗಳೂ ಒಂದೇ ಫಲಿತಾಂಶ ಕೊಡುವ ಬಗೆಯೇ ಆ ಆಯ್ಕೆಯೆಂದು ತಿಳಿಯುತ್ತದೆ.

ಹರ್ಬರ್ಟ್ ಅವರ ಲೇಖನವನ್ನು ಪ್ರಕಟಣೆಗೆ ಮೊದಲು ಪರಿಶೀಲಿಸಿದವರಲ್ಲಿ ಒಬ್ಬರಾದ ಭೌತವಿಜ್ಞಾನಿ ಆಶರ್ ಪೆರೆಸ್, ಅದು ತಪ್ಪೆಂದು ತಿಳಿದೂ, ತಪ್ಪಿನ ಹುಡುಕಾಟದಿಂದಲೇ ಭೌತವಿಜ್ಞಾನ ಮುಂದುವರಿಯಬಹುದೆಂದು ಪ್ರಕಟಣೆಗೆ ಒಪ್ಪಿಗೆ ಕೊಟ್ಟರು. ಇಂಥ ಧೈರ್ಯ ಅಪರೂಪ. ಅದೇ ವರ್ಷ ಭೌತವಿಜ್ಞಾನಿಗಳಾದ ವೂಟರ್ಸ್ ಮತ್ತು ಝುರೆಕ್ ಜೊತೆಯಾಗಿಯೂ, ಡೀಕ್ಸ್ ಪ್ರತ್ಯೇಕವಾಗಿಯೂ, ಕ್ವಾಂಟಂ ಸಿದ್ಧಾಂತದ ಸಮೀಕರಣಗಳು ಅಪರಿಚಿತ ಸ್ಥಿತಿಯೊಂದರ ನಿಖರ ನಕಲಿಗೆ ಅವಕಾಶವನ್ನೇ ಕೊಡುವುದಿಲ್ಲವೆಂದು ತೋರಿಸಿದರು. ಲೇಸರ್ ವರ್ಧಕವು ಪ್ರತಿಗಳ ಜೊತೆಗೆ ತಾನಾಗಿಯೇ ಹೊರಸೂಸುವ ಬೇರೆ ಫೋಟಾನ್‌ಗಳನ್ನೂ ಬೆರೆಸಿಬಿಡುತ್ತದೆ.

ನಕಲಿಲ್ಲದಿದ್ದರೆ ಪಡೆಯುವವರಿಗೆ ಉಳಿಯುವುದು ಒಂದೇ ಅಳತೆ. ಕಳಿಸುವವರ ಆಯ್ಕೆ ಏನೇ ಇರಲಿ, ಫಲಿತಾಂಶದ ಸಾಧ್ಯತೆ ಅರ್ಧಕ್ಕರ್ಧ. ಹೊಂದಾಣಿಕೆ ಕಾಣಬೇಕಾದರೆ ಎರಡೂ ಕಡೆಯ ದಾಖಲೆಗಳನ್ನು ಫೋನಿನಲ್ಲೋ ರೇಡಿಯೋದಲ್ಲೋ ಹೋಲಿಸಲೇಬೇಕು, ಅವೆರಡೂ ಬೆಳಕಿನ ವೇಗವನ್ನು ಮೀರಲಾರವು.