ಅಂಡಮಾನ್ ಟೂರ್‌ಗೆ ದಿನ ಗೊತ್ತು ಮಾಡುವುದು

ಬೆಂಗಳೂರಿನ ಟ್ರಾವೆಲ್ ಆಫೀಸಿನಲ್ಲಿ ಕೂತವರಿಗೆ ಮಾರ್ಚ್ ಬಂತೆಂದರೆ ಫೋನಿನಲ್ಲಿ ಒಂದೇ ರಾಗ. "ಮೇ ಕೊನೇ ವಾರ ಅಂಡಮಾನ್‌ಗೆ ನಾಲ್ಕು ಜನಕ್ಕೆ ಎಷ್ಟಾಗುತ್ತೆ ಮೇಡಂ? ಜೂನ್‌ಗೆ ಮಳೆ ಹಿಡಿಯೋದ್ರೊಳಗೆ ವಾಪಸ್ ಬಂದ್ಬಿಡ್ಬೇಕು."

ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ನಮ್ಮೂರಿನ ಲೆಕ್ಕ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಮುಂಗಾರು, ಆಮೇಲೆ ನಾಲ್ಕಾರು ದಿನಕ್ಕೆ ನಮ್ಮ ಕರಾವಳಿಗೆ. ಆದರೆ ನೈರುತ್ಯ ಮುಂಗಾರು ಭಾರತದಲ್ಲಿ ಮೊದಲು ಕಾಲಿಡುವುದೇ ಅಂಡಮಾನ್–ನಿಕೋಬಾರ್‌ನಲ್ಲಿ, ಸಾಮಾನ್ಯವಾಗಿ ಮೇ ಮೂರನೇ ವಾರದ ಹೊತ್ತಿಗೆ. ಮಳೆ ತಪ್ಪಿಸಿಕೊಳ್ಳಲು ಮೇ ಕೊನೆಗೆ ಟಿಕೆಟ್ ಮಾಡಿಸುವವರು ಅದನ್ನು ಎದುರುಗೊಳ್ಳಲು ಹೊರಟಂತೆ. ಇದನ್ನು ಗ್ರಾಹಕರಿಗೆ ಹೇಳುವಾಗ ಧ್ವನಿ ಸ್ವಲ್ಪ ಮೆತ್ತಗಿರಬೇಕು. ಎಷ್ಟೋ ಸಲ ಅಷ್ಟು ಹೊತ್ತಿಗೆ ಆಫೀಸಿನಲ್ಲಿ ರಜೆ ಮಂಜೂರಾಗಿರುತ್ತದೆ, ಅತ್ತೆ ಮಾವ ಹೊರಡಲು ಒಪ್ಪಿರುತ್ತಾರೆ, ಮಕ್ಕಳಿಗೆ ಈಜುಡುಗೆ ಕೊಂಡಾಗಿರುತ್ತದೆ.

ಈ ಕೆಲಸದಲ್ಲಿ ನನಗೆ ನಿಧಾನವಾಗಿ ಅರ್ಥವಾದದ್ದು ಏನೆಂದರೆ, ಜನ ನಮ್ಮ ಹತ್ತಿರ ಬರುವುದು ಶಾಲೆಯ ಕ್ಯಾಲೆಂಡರ್ ಹಿಡಿದುಕೊಂಡು. ಕಡಲಿಗೆ ಆ ಕ್ಯಾಲೆಂಡರ್ ಗೊತ್ತಿಲ್ಲ. ದ್ವೀಪಗಳ ಸುತ್ತ ನೀರು ಶಾಂತವಾಗಿ, ತಿಳಿಯಾಗಿ ಇರುವುದು ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮಳೆಯೂ ಅತಿ ಕಡಿಮೆ. ನಮ್ಮ ಮಕ್ಕಳಿಗೆ ಪರೀಕ್ಷೆ ಇರುವುದೂ ಆಗಲೇ! ದಸರಾ ರಜೆಗೆ ಹೋಗೋಣವೆಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರದು, ಬೆಂಗಳೂರಿನ ಮೂರು ಪಟ್ಟು. ಹಾಗಾಗಿ ಮಕ್ಕಳಿರುವ ಮನೆಯವರಿಗೆ ನಾನು ತೋರಿಸುವುದು ಒಂದೇ ಕಿಟಕಿ: ಏಪ್ರಿಲ್ ಎರಡನೇ ವಾರದಿಂದ ತಿಂಗಳ ಕೊನೆ. ಸೆಕೆ ವಿಪರೀತ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹಡಗು ಅಲುಗಾಡುವುದಿಲ್ಲ, ಅತ್ತೆಯವರಿಗೆ ವಾಂತಿ ಆಗುವುದಿಲ್ಲ.

"ಯಾವ ತಿಂಗಳು ಒಳ್ಳೇದು?" ಎಂಬ ಪ್ರಶ್ನೆಗೆ ಇಂಟರ್‌ನೆಟ್ಟಿನಲ್ಲಿ ಸಾವಿರ ಉತ್ತರ ಸಿಗುತ್ತದೆ. ಅದರ ಮುಂದಿನ ಪ್ರಶ್ನೆ ಕೇಳುವವರು ಕಡಿಮೆ: ಆ ತಿಂಗಳಲ್ಲಿ ದ್ವೀಪದ ಯಾವ ದಡ? ಹ್ಯಾವ್‌ಲಾಕ್ (ಈಗ ಸ್ವರಾಜ್ ದ್ವೀಪ) ಕಡೆ ನೋಡಿ. ಎಲ್ಲರೂ ಫೋಟೊ ನೋಡಿ ಹೊರಡುವ ರಾಧಾನಗರ ಬೀಚ್ ಇರುವುದು ಪಶ್ಚಿಮ ದಡದಲ್ಲಿ. ಮೇ ನಂತರ ಗಾಳಿ ನೈರುತ್ಯದಿಂದ ಬೀಸುವಾಗ ಅಲೆ ನೇರವಾಗಿ ಅಲ್ಲಿಗೇ ಬಂದು ಹೊಡೆಯುತ್ತದೆ. ಫೋಟೊದಲ್ಲಿದ್ದ ಹಸಿರು ಗಾಜಿನಂಥ ನೀರು ಹುಡುಕಿದರೂ ಸಿಗದು. ಅದೇ ಹೊತ್ತಿನಲ್ಲಿ ಪೂರ್ವ ದಡದ ವಿಜಯನಗರ, ಕಾಲಾಪತ್ಥರ್ ಬೀಚ್ ಕಡೆ ನೀರು ಎಷ್ಟೋ ಮೆತ್ತಗಿರುತ್ತದೆ, ನಡುವೆ ಕಾಡು, ಗುಡ್ಡ ಅಡ್ಡ ಇರುವುದರಿಂದ. ನವೆಂಬರ್, ಡಿಸೆಂಬರ್‌ನಲ್ಲಿ ಗಾಳಿ ಈಶಾನ್ಯಕ್ಕೆ ತಿರುಗಿದರೆ ಎಲ್ಲ ಉಲ್ಟಾ: ರಾಧಾನಗರ ಶಾಂತ, ಪೂರ್ವದ ದಡ ಗಲಾಟೆ. ಕುಂದಾಪುರದ ಕಡೆಯ ನನಗೆ ಆಷಾಢದ ಪಡುಗಡಲು ಹೇಗಿರುತ್ತದೆಂದು ಗೊತ್ತು. ಆದರೆ ಒಂದೇ ದ್ವೀಪಕ್ಕೆ ಎರಡು ಕಡಲು, ಎರಡು ಮುಖ ಇರುತ್ತದೆ ಎನ್ನುವುದು ದಡದ ಮೇಲೆ ಬೆಳೆದವರಿಗೂ ಬೇಗ ಹೊಳೆಯುವುದಿಲ್ಲ. ನಮಗಿರುವುದು ಒಂದೇ ಕಡೆಯ ಕಡಲು ತಾನೆ.

ಆದ್ದರಿಂದ ಹೋಟೆಲ್ ಆರಿಸುವಾಗ ನಾನು ಮೊದಲು ನೋಡುವುದು ಸ್ಟಾರ್ ಅಲ್ಲ, ಅದರ ದಡ ಯಾವ ದಿಕ್ಕಿಗಿದೆ ಎನ್ನುವುದು. ಸರ್ಕಾರವೂ ಕಾಲ ನೋಡಿ ಜಾಗ ಬದಲಿಸುತ್ತದೆ. ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ ಒಳ್ಳೆಯ ಕಾಲದಲ್ಲಿ ಜಾಲಿ ಬಾಯ್ ದ್ವೀಪ ತೆರೆದಿರುತ್ತದೆ, ಮಳೆಗಾಲಕ್ಕೆ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ. "ಜಾಲಿ ಬಾಯ್ ಬೇಕೇ ಬೇಕು" ಎಂದು ಜುಲೈಯಲ್ಲಿ ಹಟ ಹಿಡಿಯುವವರಿಗೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ.

ಇನ್ನು ದ್ವೀಪಗಳ ಅನುಕ್ರಮ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಐಟಿನರಿ ಬರೆಯಲು ಕೊಟ್ಟರೆ ಸಾಮಾನ್ಯವಾಗಿ ಮೊದಲು ಪೋರ್ಟ್ ಬ್ಲೇರ್ ಸುತ್ತಿಸಿ, ಸೆಲ್ಯುಲರ್ ಜೈಲು ತೋರಿಸಿ, ಆಮೇಲೆ ನೀಲ್ ದ್ವೀಪ, ಕೊನೆಗೆ ಹ್ಯಾವ್‌ಲಾಕ್‌ನಲ್ಲಿ ಎರಡು ರಾತ್ರಿ ಇಡುತ್ತಾರೆ. ಬೆಳಗ್ಗೆ ಹ್ಯಾವ್‌ಲಾಕ್‌ನಿಂದ ಫೆರಿ ಹತ್ತಿ ಅದೇ ದಿನ ಬೆಂಗಳೂರಿಗೆ ಫ್ಲೈಟ್. ಕಾಗದದ ಮೇಲೆ ಚೆಂದ, ಒಳ್ಳೆಯದನ್ನು ಕೊನೆಗಿಟ್ಟ ಹಾಗೆ. ನಾನು ಅದನ್ನು ಅಡ್ಡಗೆರೆ ಎಳೆದು ವಾಪಸ್ ಕೊಡುತ್ತೇನೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಆಗಬೇಕು (2024ರಲ್ಲಿ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಾಯಿತು, ನಮ್ಮ ಗ್ರಾಹಕರ ಬಾಯಲ್ಲಿ ಇನ್ನೂ ಹಳೆಯದೇ). ಹ್ಯಾವ್‌ಲಾಕ್‌ಗೂ ಅಲ್ಲಿಗೂ ನಡುವೆ ಪ್ರವಾಸಿಗರಿಗೆ ಸಾಮಾನ್ಯವಾಗಿ ಸಮುದ್ರ ಬಿಟ್ಟರೆ ಬೇರೆ ದಾರಿಯಿಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟು ಫೆರಿ ನಿಂತರೆ ಎಲ್ಲರಿಗೂ ನಿಂತಿತು, ಎಷ್ಟು ದುಡ್ಡು ಕೊಟ್ಟವರಿಗೂ. ಜೈಲು, ಮ್ಯೂಸಿಯಂ, ಪೇಟೆ ಇವೆಲ್ಲ ಮಳೆಯಲ್ಲೂ ನೋಡುವಂಥವು, ಕೊನೆಗೆ ಉಳಿಸಿಕೊಳ್ಳಬೇಕಾದದ್ದು ಅವು. ಬಿಸಿಲು, ಶಾಂತ ಕಡಲು ಬೇಡುವ ಜಾಗಗಳಿಗೆ ಇಳಿದ ಮರುದಿನವೇ ಹೋಗಿಬಿಡಬೇಕು.

ಇದು ಅತಿ ಜಾಗ್ರತೆ ಎನ್ನುವವರಿಗೆ 2016ರ ಡಿಸೆಂಬರ್ ನೆನಪಿಸುತ್ತೇನೆ. ಪೀಕ್ ಸೀಸನ್, ಹನಿಮೂನ್ ಜೋಡಿಗಳ ತಿಂಗಳು. ವಾಯುಭಾರ ಕುಸಿತದಿಂದ ಫೆರಿಗಳು ನಿಂತು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ಕರೆತರಲು ನೌಕಾಪಡೆ, ಕೋಸ್ಟ್ ಗಾರ್ಡ್ ಹಡಗುಗಳು ಹೋಗಬೇಕಾಯಿತು. ಅದೇ ವಾಯುಭಾರ ಕುಸಿತ ಬೆಳೆದು ವರ್ಧಾ ಚಂಡಮಾರುತವಾಗಿ ಡಿಸೆಂಬರ್ 12ರಂದು ಚೆನ್ನೈಗೆ ಬಡಿಯಿತು. ಪೀಕ್ ಸೀಸನ್ ಎನ್ನುವುದು ರೇಟಿನ ಮಾತು, ಹವಾಮಾನದ ಮಾತಲ್ಲ. ಡಿಸೆಂಬರ್‌ನಲ್ಲಿ ಅತಿ ಹೆಚ್ಚು ದುಡ್ಡು ಕೊಡುವವರಿಗೆ ಸಿಗುವ ಕಡಲು ಫೆಬ್ರುವರಿಯಲ್ಲಿ ಕಡಿಮೆ ಕೊಟ್ಟವರಿಗೆ ಸಿಗುವುದಕ್ಕಿಂತ ಒರಟು. ಇದನ್ನು ಹೇಳಿದರೆ ನಮ್ಮ ಸೇಲ್ಸ್‌ನವರಿಗೆ ಅಷ್ಟಾಗಿ ಹಿಡಿಸುವುದಿಲ್ಲ.

ಗಡಿಯಾರದ ವಿಷಯ ಯಾರೂ ಕೇಳುವುದಿಲ್ಲ, ನಾವೇ ಹೇಳಬೇಕು. ಅಂಡಮಾನ್ ನಮಗಿಂತ ಹದಿನೈದು ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂಚೆ ಕೆಲಸ ಮುಗಿಸುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯಾಸ್ತ. ಮಧ್ಯಾಹ್ನ ಎರಡರ ಫೆರಿಗೆ ಹತ್ತಿಸಿದರೆ, ಇಳಿದು ಲಗೇಜ್ ಹುಡುಕಿ ರೂಮ್ ಸೇರುವಷ್ಟರಲ್ಲಿ ಕತ್ತಲು. ಆ ದಿನದ ಬೀಚ್ ಹೋಯಿತು. ಅದಕ್ಕೇ ಬೆಳಗಿನ ಫೆರಿ. ಮಕ್ಕಳನ್ನು ಐದಕ್ಕೆ ಎಬ್ಬಿಸಬೇಕೆಂದು ಗೊಣಗುತ್ತಾರೆ, ಗೊಣಗಲಿ. ಅಲ್ಲಿ ಐದೂವರೆಗೆಲ್ಲ ಬೆಳಕಿರುತ್ತದೆ.

ಉಬ್ಬರ ಇಳಿತಕ್ಕೆ ನನ್ನ ಟೇಬಲ್ ಪಕ್ಕದ ಗೋಡೆಯಲ್ಲಿ ತೂಗುವ ಪಂಚಾಂಗದ ಕ್ಯಾಲೆಂಡರೇ ಆಧಾರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಆ ವ್ಯತ್ಯಾಸ ಕಡಿಮೆ. ನೀಲ್ ದ್ವೀಪದ ಲಕ್ಷ್ಮಣಪುರದಲ್ಲಿ ಕಲ್ಲಿನ ಸಹಜ ಸೇತುವೆಯ ಹತ್ತಿರ ಹೋಗಲು ಇಳಿತವೇ ಬೇಕು, ಅದೂ ಬೆಳಕಿರುವಾಗ. ದಿನಕ್ಕೆ ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಆದ್ದರಿಂದ "ನಮ್ಮ ಫ್ರೆಂಡ್ ಬೆಳಗ್ಗೆ ಒಂಬತ್ತಕ್ಕೆ ಹೋಗಿದ್ರು" ಎಂಬುದು ಮುಂದಿನ ವಾರದವರಿಗೆ ಉಪಯೋಗವಿಲ್ಲ. ನಿಖರ ಸಮಯಕ್ಕೆ ಉಬ್ಬರವಿಳಿತದ ಪಟ್ಟಿ ನೋಡಿ ಡ್ರೈವರ್‌ಗೆ ಮೊದಲೇ ಕಳಿಸುತ್ತೇನೆ. ರಾತ್ರಿ ಕಯಾಕ್ ಎಂಬ ಸಣ್ಣ ದೋಣಿಯಲ್ಲಿ ಹೋಗಿ, ಸೂಕ್ಷ್ಮಜೀವಿಗಳಿಂದ ಹೊಳೆಯುವ ನೀರು ನೋಡಬೇಕೆನ್ನುವವರಿಗೆ ಅಮಾವಾಸ್ಯೆ ಹತ್ತಿರದ ದಿನಗಳೇ ಸರಿ, ಬೆಳದಿಂಗಳಲ್ಲಿ ಆ ಹೊಳಪು ಕಾಣುವುದಿಲ್ಲ. ಅಮಾವಾಸ್ಯೆಗೆ ಪ್ರಯಾಣ ಬೇಡವೆನ್ನುವ ಹಿರಿಯರು ಮನೆಯಲ್ಲಿದ್ದರೆ ಆ ಮಾತುಕತೆಗೆ ನಾನು ತಲೆಹಾಕುವುದಿಲ್ಲ.

ಹಾಗಾದರೆ ಮಳೆಗಾಲದಲ್ಲಿ ಯಾರಿಗೂ ಬುಕಿಂಗ್ ಮಾಡುವುದೇ ಇಲ್ಲವೇ? ಮಾಡುತ್ತೇನೆ. ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿಯೇ ಇಲ್ಲ, ವಿಷಯ ಮುಗಿಯಿತು. ಅಂಡಮಾನ್ ಹಾಗೆ ಪೂರ್ತಿ ಮುಚ್ಚುವ ಊರಲ್ಲ. ರೂಮು ಅಗ್ಗ, ಜನ ಕಡಿಮೆ, ಕಾಡು ನೋಡಬೇಕಾದದ್ದೇ ಆಗ. ಮಲೆನಾಡಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ದಂಪತಿ ಆಗಸ್ಟ್‌ನಲ್ಲೇ ಹೋಗುತ್ತೇವೆಂದರು. "ಮಳೆ ನಮಗೇನು ಹೊಸದಾ?" ಹೋಗಿ ಖುಷಿಯಾಗಿ ಬಂದರು. ಅವರಿಗೆ ಸ್ನಾರ್ಕೆಲಿಂಗ್ ಬೇಕಿರಲಿಲ್ಲ, ವಾಪಸ್ ಬರಲು ಅವಸರವೂ ಇರಲಿಲ್ಲ. ಸೋಮವಾರ ಬೆಳಗ್ಗೆ ಮೀಟಿಂಗ್ ಇದೆ ಎನ್ನುವವರಿಗೆ ಮಾತ್ರ ನಾನು ಆಗಸ್ಟ್ ಮಾರುವುದಿಲ್ಲ. ರಿಯಾಯಿತಿ ಯಾರಿಗೆ ಲಾಭ ಎನ್ನುವುದು ಅವರ ಹತ್ತಿರ ಎಷ್ಟು ಸಡಿಲ ದಿನಗಳಿವೆ ಎಂಬುದರ ಮೇಲೆ.

ಹೊರಡುವ ವಾರ ನಾನು ದಿನಾ ಎರಡು ಕಡೆ ನೋಡುತ್ತೇನೆ: ಹವಾಮಾನ ಇಲಾಖೆಯ ಬುಲೆಟಿನ್, ಮತ್ತು ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಕೊಡುವ ಅಲೆಯ ಎತ್ತರದ ಮುನ್ಸೂಚನೆ. ಮೊಬೈಲಿನಲ್ಲಿ ಬರುವ ಮಳೆಯ ಚಿತ್ರ ನೋಡಿ ಗ್ರಾಹಕರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಅಲ್ಲಿ ಒಂದು ಗಂಟೆ ಜೋರು ಮಳೆ ಸುರಿದು ಬಿಸಿಲು ಬರುವುದು ಸಾಮಾನ್ಯ. ಫೆರಿ ನಿಲ್ಲಿಸುವುದು ಗಾಳಿ ಮತ್ತು ಅಲೆ. ಮೀನುಗಾರರು ಕಡಲಿಗಿಳಿಯಬಾರದು ಎಂಬ ಸಾಲು ಬುಲೆಟಿನ್‌ನಲ್ಲಿ ಕಂಡರೆ ಆಗ ನಾನು ಫೋನ್ ಎತ್ತಿಕೊಳ್ಳುತ್ತೇನೆ, ಹ್ಯಾವ್‌ಲಾಕ್‌ನ ರಾತ್ರಿಯೊಂದನ್ನು ಕತ್ತರಿಸಿ ಮೊದಲೇ ವಾಪಸ್ ಕರೆಸಲು.

ದುಡ್ಡಿನ ಮಾತನ್ನು ಬುಕಿಂಗ್ ದಿನವೇ ಕಾಗದದಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಹವಾಮಾನದಿಂದ ಫೆರಿ ರದ್ದಾದರೆ ಸಾಮಾನ್ಯವಾಗಿ ಟಿಕೆಟ್ ದುಡ್ಡು ಬರುತ್ತದೆ. ಇರದೇ ಹೋದ ಹೋಟೆಲ್ ರಾತ್ರಿಯ ದುಡ್ಡು ಬಹಳ ಸಲ ಬರುವುದಿಲ್ಲ. ತಪ್ಪಿದ ಫ್ಲೈಟಿನದು ಬರುವುದೇ ಇಲ್ಲ ಎಂದೇ ಇಟ್ಟುಕೊಳ್ಳಬೇಕು. ಪೋರ್ಟ್ ಬ್ಲೇರ್‌ನ ಆ ಕೊನೆಯ ರಾತ್ರಿಗೆ ನಾಲ್ವರಿಗೆ ಎರಡು ರೂಮು, ಆ ಕಡೆ ನಾಲ್ಕು ಹೊಸ ಫ್ಲೈಟ್ ಟಿಕೆಟ್. ಎರಡೂ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕಾಗದವನ್ನು ಅವರ ಕಡೆ ತಿರುಗಿಸಿದರೆ, ಉಳಿದ ವಾದ ನಾನು ಮಾಡಬೇಕಾಗುವುದಿಲ್ಲ.